ಕಣದ ಮಣ್ಣು

ದೇವಲಾಪುರದ ಹಾದಿಯಲ್ಲಿ ಮುತ್ತಮ್ಮನ ಹೊಲ ದಾಟುವವರು ಬಾಯಿಗೆ ಏನಾದರೂ ಹಾಕಿಕೊಳ್ಳದೆ ಹೋದದ್ದೇ ಇಲ್ಲ. ಡೈರಿ ಹುಡುಗನಿಗೆ ಮಜ್ಜಿಗೆ, ಕುರಿ ಕಾಯೋರಿಗೆ ಬೇಯಿಸಿದ ಅವರೆಕಾಯಿ. ಯಾರೂ ಸಿಗದಿದ್ದರೆ ಗಂಡ ಅಂದಾನಯ್ಯನನ್ನೇ ಹಿಡಿದು ಇನ್ನೊಂದು ಸಲ ಉಣ್ಣಿಸುತ್ತಿದ್ದಳು. ಅಂಥವಳ ಉಪಚಾರವೇ ಹೋದ ವರ್ಷ ಅವಳ ಕುತ್ತಿಗೆಗೆ ಬಂತು.

ಆ ಕಡೆಯ ನೆಲವನ್ನೆಲ್ಲ ನೋಡಿ, ಯಾವುದು ಬೇಸಾಯಕ್ಕೆ ಉಳಿಯಬೇಕು, ಯಾವುದು ಕಾರ್ಖಾನೆಗೆ ಹೋಗಬೇಕು ಅಂತ ಗೆರೆ ಎಳೆಯಲು ಕಚೇರಿಯೊಂದು ಹೊರಟಿತ್ತು. ಮಣ್ಣು ಚೆನ್ನಾಗಿದ್ದು, ಹಕ್ಕಿ ಪಕ್ಷಿ ಇದ್ದರೆ ನಕ್ಷೆಯಲ್ಲಿ ಹಸಿರು. ಇಲ್ಲವಾದರೆ ನೇರಳೆ. ನೇರಳೆ ಬಿದ್ದರೆ ಮುತ್ತಮ್ಮನ ಹೊಲ ಹೊಲವಾಗಿ ಉಳಿಯುವುದಿಲ್ಲ.

ಮಣ್ಣು ನೋಡಲು ರಘುನಂದನ್ ಅನ್ನೋ ಅಧಿಕಾರಿ ಬಂದದ್ದು ರಾಗಿ ಒಕ್ಕಣೆ ಮುಗಿದ ಹೊಸತರಲ್ಲಿ. ಸಾಹೇಬರಿಗೆ ಮುಳ್ಳು ತರಚೀತು ಅಂತ ಮುತ್ತಮ್ಮ ಹಿಂದಿನ ದಿನವೇ ಬೇಲಿಸಾಲಿನ ಪೊದೆಯನ್ನೆಲ್ಲ ಕಡಿಸಿದಳು. ಕೊಯ್ದ ರಾಗಿಯ ಕೂಳೆ ಕಾಲಿಗೆ ಚುಚ್ಚೀತು ಅಂತ ಕುರ್ಚಿಯನ್ನು ಕಣದಲ್ಲಿ ಹಾಕಿಸಿದಳು. ಕಣ ಅಂದರೆ ತೆನೆ ಒಕ್ಕಲು ನೆಲ ಕೆತ್ತಿ, ನೀರು ಹಾಕಿ, ಗುಂಡು ಉರುಳಿಸಿ, ಸಗಣಿ ಸಾರಿಸಿ ಗಟ್ಟಿ ಮಾಡಿದ ಜಾಗ. ಮನೆಯವರೇ ಚಪ್ಪಲಿ ಬಿಟ್ಟು ಕಾಲಿಡುತ್ತಾರೆ. ಅಲ್ಲಿ ಕೂರಿಸುವುದಕ್ಕಿಂತ ದೊಡ್ಡ ಮರ್ಯಾದೆ ಉಂಟೇ ಅಂದುಕೊಂಡಳು, ಪಾಪ. ಆ ಪುಣ್ಯಾತ್ಮ ಬೂಟು ಹಾಕಿಕೊಂಡೇ ಕೂತ. ಎಳನೀರು ಕುಡಿದ, ಫೋನು ನೋಡಿದ, ಕುರ್ಚಿಯ ಪಕ್ಕದಲ್ಲೇ ಹಾರೆ ಹಾಕಿಸಿ ಚೀಲಕ್ಕೆ ಮಣ್ಣು ತುಂಬಿಸಿಕೊಂಡ. ಹೊಲದೊಳಕ್ಕೆ ಒಂದು ಹೆಜ್ಜೆ ಇಡದೆ ಜೀಪು ಹತ್ತಿದ.

ಪಂಚಾಯ್ತಿ ಗೋಡೆಗೆ ನಕ್ಷೆ ಅಂಟಿಸಿದಾಗ ಹೊಲ ನೇರಳೆ. ನೆಲ ಗಟ್ಟಿಯಂತೆ, ಬೇರು ಇಳಿಯದಂತೆ, ಪೊದೆಯಿಲ್ಲ, ಹಕ್ಕಿಯಿಲ್ಲವಂತೆ. ಅಂದಾನಯ್ಯ ಓದಿ ಹೇಳಿ, "ಬುಡು ಅತ್ಲಾಗೆ, ದೊಡ್ಡೋರ ಸವಾಸ ನಮ್ಗ್ಯಾಕೆ," ಅಂದ.

"ನನ್ನೊಲ್ವ ಬರಡು ಅಂದವ್ರೆ ಕಣಯ್ಯ. ಇಷ್ಟು ಕಾಲ ಅದ್ರಲ್ಲೇ ಬೆಳ್ಕೊಂಡು ಉಂಡು, ಈಗ ಬುಡು ಅಂತೀಯಲ್ಲ, ನಾಚ್ಕೆ ಆಗಾಕಿಲ್ವಾ?"

ಅವಳಿಗೆ ಆ ಅಧಿಕಾರಿಯ ಮೇಲೆ ಎಷ್ಟು ಸಿಟ್ಟೋ ತನ್ನ ಮೇಲೂ ಅಷ್ಟೇ. ಪೊದೆ ಕಡಿಸಿದವಳು ತಾನೇ.

ತಕರಾರು ಕೇಳುವ ಸಭೆ ನಾಗಮಂಗಲದಲ್ಲಿ ಅಂತ ಗೊತ್ತಾದದ್ದೇ ಬಸ್ಸು ಹತ್ತಿದಳು. ಸಭೆಯಲ್ಲಿ ಎದ್ದು ನಿಂತು, ಮಣ್ಣು ತೆಗೆದದ್ದು ಕಣದಲ್ಲಿ ಅಂದಳು. "ಜಾಗ ತೋರಿಸಿದ್ದು ನೀವೇ ಅಲ್ವೇನಮ್ಮ?" ಅಂದ ರಘುನಂದನ್.

"ತೋರ್ಸಿದ್ದು ಕೂತ್ಕೊಳ್ಳಾಕೆ ಸ್ವಾಮಿ. ಬಂದೋರ್ನ ಜಗಲಿ ಮ್ಯಾಲೂ ಕೂರುಸ್ತೀವಿ. ಜಗಲಿ ಕೆತ್ಕೊಂಡೋಗಿ, ಇಲ್ಲಿ ರಾಗಿ ಬೆಳೆಯಾಕಿಲ್ಲ ಅಂತ ಬರ್ದುಬುಡ್ತೀರಾ?"

ಸಭೆಯವರು ಗೊಳ್ಳೆಂದು ನಕ್ಕರು. ಮುತ್ತಮ್ಮನಿಗೆ ನಗು ಬರಲಿಲ್ಲ. ಮಳೆ ಹಿಡಿದ ಮೇಲೆ ಇನ್ನೊಂದು ಸಲ ಮಣ್ಣು ನೋಡಿ ಅಂತ ಮೇಲಿನವರು ಹೇಳುವವರೆಗೂ ಅವಳು ಕೂರಲೂ ಇಲ್ಲ.

ರಘುನಂದನ್ ಮತ್ತೆ ಬಂದಾಗ ಅಲಸಂದೆ ಹೂ ಬಿಟ್ಟಿತ್ತು. ಕಡಿದ ಪೊದೆ ಚಿಗುರಿ ಹಬ್ಬಿತ್ತು. ಈ ಸಲ ಎಳನೀರಿಲ್ಲ, ಕುರ್ಚಿಯೂ ಇಲ್ಲ. ಮುತ್ತಮ್ಮ ಅವನನ್ನು ಹೊಲದ ನಡುವಿಗೆ ಕರೆದೊಯ್ದು, "ಇಲ್ಲಿ ತೋಡ್ಸಿ," ಅಂದಳು. ಬೇಲಿಯಿಂದ ಬರ್ರನೆ ಎದ್ದ ಗೌಜಲ ಹಕ್ಕಿಗೆ ಅವನು ಬೆಚ್ಚಿಬಿದ್ದ.

"ಅದ್ನೂ ಬರ್ಕೊಳ್ಳಿ," ಅಂದಳು.

ಬೆವರು ಒರೆಸಿಕೊಂಡು ಅವನು ನೀರು ಕೇಳಿದ. ಅವಳ ಕೈ ತಾನಾಗಿ ಬಿಂದಿಗೆಯತ್ತ ಹೋಯಿತು. ಅವಳೇ ತಡೆದುಕೊಂಡಳು. "ಆ ಮೂಲೆ ಇನ್ನೂ ಉಳ್ದದೆ ಸ್ವಾಮಿ. ಮುಗ್ಸಿ, ಕೊಡ್ತೀನಿ."

ಹೊಲ ಹಸಿರಿಗೆ ಬಂತು. ಊರವರು ಮುತ್ತಮ್ಮ ಗೆದ್ದಳು ಅಂದರು. ಗೆದ್ದಳು, ಸರಿ. ಈಗ ಗುರುತಿಲ್ಲದ ಯಾರಾದರೂ ಹೊಲದ ಬದುವಿನಲ್ಲಿ ನಿಂತರೆ ಅವಳು ಮೊದಲು ಕೇಳುವುದು, "ಯಾಕ್ ಬಂದ್ರಿ?" ಮಜ್ಜಿಗೆ ಆಮೇಲೆ.