ಅಶೇರನ ಪಟ್ಟಿಯಲ್ಲಿ ಬಿಟ್ಟ ಜಾಗ

ಫ್ರೋಮೆಟ್ ಶ್ಲೋಸ್‌ಗೆ ಗಂಡನ ಮೇಲೆ ಒಂದು ಹಳೆಯ ಸಿಟ್ಟಿತ್ತು. ಮೂವತ್ತಮೂರು ವರ್ಷದ ಹಿಂದೆ ಎಲ್ಕಾನ್ ಅಡುಗೆಮನೆಯ ಕಿಟಕಿಗೆ ಹಸಿರು ಬಣ್ಣ ಬಳಿಯಲು ಹೊರಟು, ಎಡಗಡೆ ಮುಗಿಸಿ ಬಲಗಡೆಯನ್ನು ಹಾಗೇ ಬಿಟ್ಟಿದ್ದ. ಕೇಳಿದರೆ “ಬಣ್ಣ ಮುಗೀತು ಕಣೇ” ಎನ್ನುತ್ತಿದ್ದ. ಬೇಕರಿಯಲ್ಲಿ ನೂರಾರು ಬ್ರೆಡ್ಡುಗಳನ್ನು ಒಂದೇ ಅಳತೆಗೆ ತೆಗೆಯುವ ಮನುಷ್ಯ ಸ್ವಂತ ಮನೆಯ ಕಿಟಕಿಯನ್ನು ಮಾತ್ರ ಅರೆಬರೆ ಮಾಡಿಟ್ಟು ಸತ್ತುಹೋದ. ಅವಳೂ ಹಟಕ್ಕೆ ಬಿದ್ದು ಅದನ್ನು ಹಾಗೇ ಉಳಿಸಿಕೊಂಡಿದ್ದಳು.

ನ್ಯೂಯಾರ್ಕಿನ ಉತ್ತರದ ಗುಡ್ಡದ ಮೇಲಿನ ಆ ಕೇರಿಯವರು ಜರ್ಮನಿಯಿಂದ ಬಂದ ಯೆಹೂದಿಗಳು. ಯಾರಾದರೂ ಐದು ನಿಮಿಷ ತಡ ಮಾಡಿದರೆ, ಬದುಕಿದ್ದಾನೋ ಇಲ್ಲವೋ ಎಂದು ಮನೆಗೆ ಫೋನ್ ಮಾಡುವ ಜನ. ಗಂಡುಮಗುವಿಗೆ ಎಂಟನೆಯ ದಿನ ಸುನ್ನತಿಯಾಗುವಾಗ ಹಾಸಿದ ಬಟ್ಟೆಯನ್ನು ಅವರು ಬಿಸಾಡುವುದಿಲ್ಲ. ಒಗೆದು, ನಾಲ್ಕಾಗಿ ಸೀಳಿ, ಉದ್ದಕ್ಕೆ ಹೊಲಿದು ಪಟ್ಟಿ ಮಾಡುತ್ತಾರೆ. ಅದರ ಮೇಲೆ ಮಗುವಿನ ಹೆಸರು, ಆಮೇಲೆ ಹಾರೈಕೆ: ಧರ್ಮಗ್ರಂಥವಾದ ತೋರಾ ಓದುವಷ್ಟು ಬೆಳೆಯಲಿ, ಮದುವೆಯ ಚಪ್ಪರದ ಕೆಳಗೆ ನಿಲ್ಲುವಷ್ಟು ಬೆಳೆಯಲಿ, ಒಳ್ಳೆಯ ಕೆಲಸ ಮಾಡುವಷ್ಟು ಬೆಳೆಯಲಿ. ಒಂದೊಂದು ಮಾತಿಗೂ ಒಂದೊಂದು ಚಿತ್ರ. ಮೂರು ವರ್ಷ ತುಂಬಿದ ಮೇಲೆ ಒಂದು ಶನಿವಾರ ಅಪ್ಪ ಮಗುವನ್ನು ಶೂಲಿಗೆ, ಎಂದರೆ ಅವರ ಪ್ರಾರ್ಥನಾಮಂದಿರಕ್ಕೆ, ಎತ್ತಿಕೊಂಡು ಹೋಗಿ ತೋರಾದ ಸುರುಳಿಗೆ ಆ ಪಟ್ಟಿ ಸುತ್ತಿಸುತ್ತಾನೆ. ಆಮೇಲೆ ಅದು ಶೂಲಿನ ಬೀರುವಿನಲ್ಲೇ ಉಳಿಯುತ್ತದೆ.

ಆ ಕೇರಿಯ ಪಟ್ಟಿಗಳನ್ನೆಲ್ಲ ಬರೆದವಳು ಫ್ರೋಮೆಟ್. ಮಗು ಹುಟ್ಟಿದ ವಾರ ಶೂಲಿನಲ್ಲಿ ತೋರಾದ ಯಾವ ಭಾಗ ಓದಿದ್ದರೋ ಅದನ್ನು ಮೊದಲು ಮೂರು ಸಲ ಓದಿಕೊಳ್ಳುವಳು. ನೋಹನ ಪ್ರಳಯದ ಕಥೆ ಓದಿದ ವಾರದ ಮಗುವಿಗೆ ಪಾರಿವಾಳ, ಯಾಕೋಬನ ಕನಸಿನ ವಾರದ ಮಗುವಿಗೆ ಏಣಿ. ಓದಿದ್ದು ಕೈಗಿಳಿಯುವ ಹೊತ್ತಿನಲ್ಲಿ ಅವಳು ದೇವರ ಜೊತೆ ಪಕ್ಕದ ಮನೆಯವಳ ಜೊತೆ ಮಾತಾಡಿದಂತೆ ಮಾತಾಡುತ್ತಿದ್ದಳು. ಈ ಮಗುವಿಗೆ ಜ್ವರ ಬರಿಸಬೇಡ, ಇವನಪ್ಪನಿಗೆ ಸ್ವಲ್ಪ ಬುದ್ಧಿ ಕೊಡು, ಹೀಗೆ.

ಹನ್ನೆರಡು ವರ್ಷದಿಂದ ಆ ಮಾತು ನಿಂತಿತ್ತು. ಪ್ರಾರ್ಥನೆ ಬಿಟ್ಟಿರಲಿಲ್ಲ, ಪುಸ್ತಕದಲ್ಲಿದ್ದದ್ದನ್ನು ಒಂದಕ್ಷರ ಬಿಡದೆ ಓದುತ್ತಿದ್ದಳು. ತನ್ನದೆಂದು ಒಂದು ಮಾತನ್ನೂ ಸೇರಿಸುತ್ತಿರಲಿಲ್ಲ. ಹಾಗೆಯೇ, ಪಟ್ಟಿ ಬರೆಯುವುದನ್ನು ಬಿಟ್ಟಿರಲಿಲ್ಲ, ಚಪ್ಪರ ಬರೆಯುವುದನ್ನು ಮಾತ್ರ ಬಿಟ್ಟಿದ್ದಳು. ಆ ಜಾಗ ಖಾಲಿ ಬಿಟ್ಟು, ಕಣ್ಣು ಕಾಣಲ್ಲ, ಬೇರೆಯವರ ಕೈಲಿ ಬರೆಸಿಕೊಳ್ಳಿ ಎಂದು ಕೊಟ್ಟುಬಿಡುತ್ತಿದ್ದಳು.

ತನ್ನ ಮಗನ ಬಟ್ಟೆ ತಂದ ಅದೇ ಕೇರಿಯ ಶಿಫ್ರಾ ಸುಮ್ಮನೆ ಕೇಳಿಕೊಂಡು ಹೋಗುವ ಹುಡುಗಿಯಲ್ಲ.

“ಆಂಟಿ, ಹಕ್ಕಿ ರೆಕ್ಕೇಲಿ ಒಂದೊಂದು ಗರೀನೂ ಬರೀತೀರಾ. ನಾಲ್ಕು ಕಂಬದ ಚಪ್ಪರಕ್ಕೆ ಮಾತ್ರ ಕಣ್ಣು ಕಾಣಲ್ವಾ?”

“ವಯಸ್ಸಾಯ್ತಲ್ಲಮ್ಮಾ.”

“ಗರಿ ಬರೆಯೋವಾಗ ಆ ವಯಸ್ಸು ಎಲ್ಲಿ ಹೋಗಿರುತ್ತೆ?”

“ಹಕ್ಕಿ ಜೊತೆ ಹಾರಿಹೋಗಿರುತ್ತೆ. ಬಟ್ಟೆ ಇಟ್ಟು ಹೊರಡು, ಬಾಯಿ ಜಾಸ್ತಿ ನಿಂದು.”

ಶಿಫ್ರಾ ನಗುತ್ತಾ ಹೋದಳು. ಫ್ರೋಮೆಟ್ ಬಟ್ಟೆ ಮಡಿಸಿಟ್ಟು ಕುರ್ಚಿಯಲ್ಲಿ ಕುಸಿದಳು.

ಅವಳ ಒಬ್ಬನೇ ಮಗ ಅಶೇರ್ ಯಾಕೋಬನ ವಾರದಲ್ಲಿ ಹುಟ್ಟಿದವನು. ಊರಿನವರ ಪಟ್ಟಿಗಳ ನಡುವೆ ಅವನದು ತಡವಾಗುತ್ತಾ ಹೋಯಿತು. ಶೂಲಿಗೆ ಒಯ್ಯುವ ವಾರ ಅವಳು ಜ್ವರ ಏರಿ ಹಾಸಿಗೆ ಹಿಡಿದಳು. ಹೆಸರಾಗಿತ್ತು, ಏಣಿಯಾಗಿತ್ತು, ಅಕ್ಷರಗಳೆಲ್ಲ ಆಗಿದ್ದವು. ಚಪ್ಪರದ ಜಾಗವೊಂದು ಬಿಳಿ ಉಳಿದಿತ್ತು. “ಹಾಗೇ ತಗೊಂಡುಹೋಗಿ, ಯಾರಿಗೂ ಹೇಳಬೇಡಿ, ಆಮೇಲೆ ತುಂಬಿಸ್ತೀನಿ” ಎಂದು ಗಂಡನಿಗೆ ಹೇಳಿದ್ದಳು. ಆಮೇಲೆ ಎಂಬುದು ಬರಲಿಲ್ಲ. ಹುಡುಗನಿಗೆ ಹದಿಮೂರಾದಾಗ ನೆನಪಿಸಿದರೆ ಎಲ್ಕಾನ್ “ಬಿಡೇ, ಎಲ್ಲಾ ಸರಿ ಇದೆ” ಎಂದು ಮಾತು ಹಾರಿಸಿದ. ಶೂಲಿನಲ್ಲಿ ಹೆಂಗಸರು ಕೂರುವುದು ಮಾಳಿಗೆಯಲ್ಲಿ. ಸುರುಳಿಗೆ ಸುತ್ತಿದ ಪಟ್ಟಿಯಲ್ಲಿ ಏನಿದೆ, ಏನಿಲ್ಲ ಎಂದು ಅಲ್ಲಿಂದ ಕಾಣುವುದಿಲ್ಲ.

ಎಲ್ಕಾನ್ ಹೋದ ಐದು ವರ್ಷಕ್ಕೆ, ಇಪ್ಪತ್ತನಾಲ್ಕರ ಅಶೇರನ ಕಾರಿಗೆ ಹೆದ್ದಾರಿಯಲ್ಲಿ ಲಾರಿ ಬಡಿಯಿತು. ಮದುವೆಗೆ ಇನ್ನು ಆರು ವಾರವಿತ್ತು.

ಜನ ದೇವರ ಇಚ್ಛೆ ಎಂದರು. ಫ್ರೋಮೆಟ್ ಮಾತ್ರ ನಿಜ ತನಗೆ ಗೊತ್ತು ಅಂದುಕೊಂಡಳು. ಹೆತ್ತ ತಾಯಿಯೇ ಚಪ್ಪರದ ಜಾಗ ಖಾಲಿ ಬಿಟ್ಟಳು, ಮಗ ಚಪ್ಪರದ ತನಕ ಬರಲಿಲ್ಲ. ಇಷ್ಟು ಮಾಡಿದವಳು ಯಾವ ಮುಖ ಇಟ್ಟುಕೊಂಡು ದೇವರನ್ನು ಮಾತಾಡಿಸುವುದು?

ಶಿಫ್ರಾ ಬಂದುಹೋದ ಮಾರನೆಯ ಬೆಳಿಗ್ಗೆ ಶೂಲಿನ ಮೇಲ್ವಿಚಾರಕ ಮುದುಕ ಸ್ಯಾಂಡರ್ ಫೋನ್ ಮಾಡಿದ.

“ಫ್ರೋಮೆಟ್, ಪೈಪ್ ಒಡೆದು ಪಟ್ಟಿಗಳ ಬೀರೆಲ್ಲ ನೆಂದು ತೊಪ್ಪೆ ಆಗಿದೆ. ಮಧ್ಯಾಹ್ನ ಹೆಂಗಸರೆಲ್ಲ ಬಂದು ಬಿಚ್ಚಿ ಒಣಹಾಕ್ತಾರೆ. ಬಣ್ಣದ ವಿಷಯ ಗೊತ್ತಿರೋಳು ನೀನೊಬ್ಬಳೇ, ಒಂಚೂರು ಮೊದಲೇ ಬಾ.”

ಹೆಂಗಸರೆಲ್ಲ! ಅಶೇರನ ಪಟ್ಟಿ ಎಲ್ಲರ ಮುಂದೆ ಬಿಚ್ಚಿಕೊಳ್ಳುತ್ತದೆ. ಕುಂಚ, ಬಣ್ಣದ ಬಾಟಲಿಗಳನ್ನು ಕೈಚೀಲಕ್ಕೆ ತುರುಕಿಕೊಂಡು ಹೊರಟಳು. ಸತ್ತ ಮಗನ ಚಪ್ಪರವನ್ನು ಈಗ ಕದ್ದು ಬರೆಯಲು ಹೊರಟಿದ್ದೇನಲ್ಲ ಎಂದು ದಾರಿಯಲ್ಲಿ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಕಾಲು ಮಾತ್ರ ನಿಲ್ಲಲಿಲ್ಲ.

ಸ್ಯಾಂಡರ್ ಪಟ್ಟಿಗಳನ್ನು ಉದ್ದದ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ. ಅವನು ಬಕೆಟ್ ಖಾಲಿ ಮಾಡಲು ಹೋದಾಗ ಅವಳು ಅಶೇರನ ಹೆಸರು ಹುಡುಕಿ ತೆಗೆದು ಬಿಚ್ಚತೊಡಗಿದಳು. ಆ ಕಾಲದಲ್ಲಿ ಅವಳು ಬಳಸುತ್ತಿದ್ದದ್ದು ನೀರಿಗೆ ಬಿಡುವ ಬಣ್ಣ. ಹೆಸರು ಕದಡಿತ್ತು. ಏಣಿಯ ಮೆಟ್ಟಿಲುಗಳು ಕರಗಿ ಒಂದಾಗಿದ್ದವು. ಮೂರು ತಿಂಗಳ ಕೆಲಸ ನೀಲಿ ಕಲೆಯಾಗಿ ಹರಿದಿತ್ತು. ಅವಳು ಕಣ್ಣುಮುಚ್ಚಿ ಇನ್ನೊಂದು ಸುತ್ತು ಬಿಚ್ಚಿದಳು.

ಅಲ್ಲಿ ಚಪ್ಪರವಿತ್ತು.

ನಾಲ್ಕು ಸೊಟ್ಟ ಕಂಬ, ಮೇಲೊಂದು ಜೋತುಬಿದ್ದ ಬಟ್ಟೆ, ಆಲೂಗಡ್ಡೆಯಂಥ ಮೂರು ನಕ್ಷತ್ರ. ಕುಂಚ ಹಿಡಿದು ಗೊತ್ತೇ ಇಲ್ಲದ ಕೈ. ನೀರಿಗೆ ಒಂದೆಳೆಯೂ ಅಲ್ಲಾಡಿರಲಿಲ್ಲ, ಏಕೆಂದರೆ ಅದು ಮರಕ್ಕೆ ಬಳಿಯುವ ಎಣ್ಣೆಬಣ್ಣ. ಆ ಹಸಿರನ್ನು ಅವಳು ಮೂವತ್ತಮೂರು ವರ್ಷದಿಂದ ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತಾ ನೋಡಿದ್ದಳು.

“ಓ, ಇದಾ!” ಸ್ಯಾಂಡರ್ ಹಿಂದೆ ಬಂದು ನಿಂತಿದ್ದ. “ಅಶೇರ್ ಪಟ್ಟಿ ಸುತ್ತೋ ಹಿಂದಿನ ದಿನ, ಶುಕ್ರವಾರ, ಎಲ್ಕಾನ್ ಇದನ್ನ ಹಿಡ್ಕೊಂಡು ದೀಪ ಹಚ್ಚೋ ಹೊತ್ತಿಗೆ ಏದುಸಿರು ಬಿಡ್ತಾ ಬಂದ. ಜೀವಮಾನದಲ್ಲಿ ಅವನು ತಡ ಮಾಡಿದ್ದು ಅವತ್ತೊಂದೇ ದಿನ. ಕೈತುಂಬಾ ಹಸಿರು. ಏನಯ್ಯಾ ಇದು ಅಂದ್ರೆ ಕಿಟಕಿಗೆ ಬಳೀತಿದ್ದೆ ಅಂದ. ಬಣ್ಣ ಒಣಗಿರಲೇ ಇಲ್ಲ. ಇಲ್ಲಿ ನೋಡು, ಪಕ್ಕದ ಸುತ್ತಿಗೂ ಅಂಟಿದೆ.”

“ನನಗೆ ಹೇಳಲೇ ಇಲ್ಲ ಅವರು.”

“ಹೇಳಿದ್ರೆ ನೀನು ಬಿಡ್ತಿದ್ಯಾ? ಯಾರು ನಿಮ್ಮ ಕೈಗೆ ಕುಂಚ ಕೊಟ್ಟೋರು ಅಂತ ಸಾಯೋವರೆಗೂ ಅಂತಿದ್ದೆ.”

ನಿಜ, ಅನ್ನುತ್ತಿದ್ದಳು. ಅವಳಿಗೆ ನಗು ಬಂತು. ಅದು ಅರ್ಧದಲ್ಲೇ ಮುರಿದು ಬೇರೇನೋ ಆಯಿತು. ಸ್ಯಾಂಡರ್ ಬಕೆಟ್ ಎತ್ತಿಕೊಂಡು ಆಚೆ ಹೋದ.

ಮನೆಗೆ ಬಂದು ಕಿಟಕಿಯ ಮುಂದೆ ಕೂತಳು. ಹಗುರವಾಗಬೇಕಿತ್ತು, ಆಗಲಿಲ್ಲ. ತಪ್ಪು ತನ್ನದು ಎಂದುಕೊಂಡಿದ್ದಾಗ ಸಾವಿಗೊಂದು ಕಾರಣವಾದರೂ ಇತ್ತು. ಚಪ್ಪರವಿತ್ತು, ಹಾರೈಕೆ ತುಂಬಿತ್ತು, ಆದರೂ ಲಾರಿ ಬಂತು. ಹನ್ನೆರಡು ವರ್ಷ ತನ್ನನ್ನೇ ಕೇಳಿಕೊಂಡ ಪ್ರಶ್ನೆಯನ್ನು ಕೇಳಲು ಈಗ ದೇವರೊಬ್ಬನೇ ಉಳಿದಿದ್ದ. ಅವಳಿಗೆ ಭಯವಾಯಿತು. ಭಯಕ್ಕಿಂತ ಹೆಚ್ಚಾಗಿ ಕೋಪ ಬಂತು.

ಪ್ರಾರ್ಥನೆಯ ಪುಸ್ತಕ ಕೈಗೆತ್ತಿಕೊಂಡವಳು ತೆರೆಯದೆ ಪಕ್ಕಕ್ಕಿಟ್ಟಳು. ಶಿಫ್ರಾಳ ಮಗುವಿನ ಬಟ್ಟೆಯನ್ನು ಮೇಜಿನ ಮೇಲೆ ಹಾಸಿದಳು. ಚಪ್ಪರ ಬರೆದರೆ ಮಗು ಉಳಿಯುತ್ತದೆ ಎಂಬ ನಂಬಿಕೆ ಅವಳಲ್ಲಿ ಸತ್ತಿತ್ತು. ಆದರೂ ಮೊದಲು ಚಪ್ಪರದ್ದೇ ಒಂದು ಕಂಬ ಎಳೆದಳು. ಅದು ಸೊಟ್ಟವಾಯಿತು. ತಿದ್ದಲಿಲ್ಲ.

“ಜಾಗ ಖಾಲಿ ಇರಲಿಲ್ಲ,” ಎಂದಳು, ಹನ್ನೆರಡು ವರ್ಷದ ಮೇಲೆ ಮೊದಲ ಸಲ, ಕಿಟಕಿಯ ಕಡೆ ಮುಖ ಮಾಡಿ. “ನನ್ನ ಗಂಡ ತುಂಬಿಸಿದ್ದರು. ಈಗ ನೀನು ಹೇಳು, ನನ್ನ ಮಗನ್ನ ಯಾಕೆ ಕರ್ಕೊಂಡೆ?”

ಅವಳು ಎದ್ದು ಹೋಗಲಿಲ್ಲ. ಎರಡನೆಯ ಕಂಬಕ್ಕೆ ಕುಂಚ ಅದ್ದಿ, “ಇಲ್ಲೇ ಕೂತಿರ್ತೀನಿ, ಹೇಳು” ಎಂದಳು.