ಮುಟ್ಟದೆ ಗೆದ್ದ ಆಟ

ನಮ್ಮ ಉಪದೇಶಿಗಳ ಎಡಭುಜ ಬಲಭುಜಕ್ಕಿಂತ ಮೂರು ಬೆರಳು ಕೆಳಗಿತ್ತು. ಪ್ರಾಯದಲ್ಲಿ ಚಡುಗುಡು, ಅಂದರೆ ಕಬಡ್ಡಿ, ಆಡುವಾಗ ಕೀಲು ತಪ್ಪಿ, ಯಾರೋ ನಾಟಿ ವೈದ್ಯರು ಎಳೆದು ಕಟ್ಟಿ, ಅದು ಹಾಗೇ ಕೂತುಬಿಟ್ಟಿತ್ತಂತೆ. ಪ್ರಾರ್ಥನೆಗೆ ಎರಡೂ ಕೈ ಎತ್ತಿದರೆ ಒಂದು ಆಕಾಶಕ್ಕೆ ಹೋಗುತ್ತಿತ್ತು, ಇನ್ನೊಂದು ಕಿವಿಯ ಹತ್ತಿರವೇ ನಿಂತುಬಿಡುತ್ತಿತ್ತು. ಕಣ್ಣು ಮುಚ್ಚಿರಬೇಕಾದ ಹೊತ್ತಿನಲ್ಲಿ ಕದ್ದು ನೋಡಿ ನಗದವರು ನಮ್ಮ ಸಭೆಯಲ್ಲಿ ಯಾರೂ ಇರಲಿಲ್ಲ.

ಕೋಲಾರದ ನಮ್ಮ ಕ್ರೈಸ್ತ ಸಭೆಗೆ ದೊಡ್ಡವರೆಂದರೆ ಅಯ್ಯನವರು, ಅಂದರೆ ಪಾದ್ರಿಗಳು. ಅವರ ಕೈಕೆಳಗೆ ಸೈಕಲ್ ಮೇಲೆ ಹಳ್ಳಿ ಹಳ್ಳಿ ಸುತ್ತಿ ಬೋಧಿಸುತ್ತಿದ್ದವರು ಈ ಉಪದೇಶಿಗಳು. ಆ ಮನುಷ್ಯನಿಗೆ ಕಂಡದ್ದೆಲ್ಲ ಪ್ರಸಂಗವೇ, ಉಪದೇಶಕ್ಕೆ ವಸ್ತುವೇ. ಸೈಕಲ್ ಪಂಕ್ಚರ್ ಆಯಿತೆನ್ನಿ, ದಾರಿಯಲ್ಲೇ ಕೂತು, "ನೋಡ್ರಪ್ಪಾ, ಒಳಗೆ ಟ್ಯೂಬು ತೂತಾಗಿರುವಾಗ ಹೊರಗೆ ಟೈರು ಎಷ್ಟು ಒರೆಸಿದ್ರೇನು ಬಂತು?" ಎನ್ನುವರು. ಊಟಕ್ಕೆ ಕೂತಾಗ ಮುದ್ದೆಯಲ್ಲಿ ಗಂಟು ಸಿಕ್ಕಿದರೆ, "ಕೋಪಾನೂ ಹಿಂಗೇ ಕಣ್ರೋ. ಒಲೆ ಮೇಲಿದ್ದಾಗ್ಲೇ ತಿರುವಿಬಿಡ್ಬೇಕು, ಆರಿದ ಮೇಲೆ ಗಂಟು ಒಡೆಯಲ್ಲ" ಎನ್ನುವರು. ಅವರ ಹೆಂಡತಿ ಅಡುಗೆಮನೆಯಿಂದಲೇ, "ಗಂಟು ಅಂದದ್ದು ಕೇಳಿಸ್ತು. ಸುಮ್ನೆ ನುಂಗ್ರಿ" ಎಂದು ಕೂಗುತ್ತಿದ್ದರು.

ನಾನಾಗ ಹೊಸದಾಗಿ ಮೇಷ್ಟ್ರಾಗಿದ್ದೆ. ನಮ್ಮಂಥ ಪ್ರಾಯದವರನ್ನು ಸೇರಿಸಿ ಅವರು ಒಂದು ಚಡುಗುಡು ತಂಡ ಕಟ್ಟಿದ್ದರು. ಸಾಯಂಕಾಲವಾದರೆ ಸಾಕು, ಪಂಚೆ ಮೇಲಕ್ಕೆ ಕಟ್ಟಿ ಗೆರೆಯ ಪಕ್ಕ ನಿಂತುಬಿಡುವರು. "ಒಳಗೆ ನುಗ್ಗೋದು ಯಾರು ಬೇಕಾದ್ರೂ ಮಾಡ್ತಾರೆ. ವಾಪಸ್ ಬರೋಕೆ ಉಸಿರು ಉಳಿಸ್ಕೊಳ್ರೋ! ಪಾಪಾನೂ ಅಷ್ಟೇ!" ಆಟದ ನಡುವೆ ಪಾಪ ಎಲ್ಲಿಂದ ಬಂತೋ! ನನಗಂತೂ ರೇಗಿಹೋಗುತ್ತಿತ್ತು. ಆದರೆ ಒಂದು ದಿನವೂ ತಪ್ಪಿಸಿದವನಲ್ಲ.

ಯುದ್ಧದ ವರ್ಷಗಳವು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಅಂಥದ್ದೊಂದು ಬಸ್ಸಿನಲ್ಲಿ ಕೆಮ್ಮುತ್ತಾ ನಾವು ಮುಳಬಾಗಿಲಿಗೆ ಆಡಲು ಹೋದೆವು. ಪಂದ್ಯಕ್ಕೆ ಕರೆದವರು ಅಲ್ಲಿಯ ಯುವಕರೇ. ಆದರೆ ಮೈದಾನದ ಸುತ್ತ ಅವರ ಅಪ್ಪಂದಿರು, ದೊಡ್ಡಪ್ಪಂದಿರು ಬಂದು ಕೂತರಲ್ಲ, ಆಗ ಆಟವೇ ಬದಲಾಯಿತು. ನಮ್ಮವನು ಚಡುಗುಡು ಚಡುಗುಡು ಎಂದು ನುಗ್ಗಿದ. ಹಿಡಿಯಬೇಕಾದವರು ಕೈ ಕಟ್ಟಿ ಹಿಂದೆ ಹಿಂದೆ ಸರಿದು ಗೆರೆ ದಾಟಿಬಿಟ್ಟರು! ಮುಟ್ಟಿಸಿಕೊಳ್ಳುವುದಕ್ಕಿಂತ ಔಟಾಗುವುದೇ ಮೇಲು ಅವರಿಗೆ. ಇನ್ನೊಬ್ಬ ಹೋದ, ಹಾಗೇ ಆಯಿತು. ಅವರು ನಮ್ಮ ಕಡೆಗೆ ಬಂದರೂ ಗಾಳಿಯಲ್ಲಿ ಕಾಲಾಡಿಸಿ ಓಡಿಹೋಗುವರು. ಕ್ರೈಸ್ತರನ್ನು ಮುಟ್ಟಿ ಮನೆಗೆ ಹೋದರೆ ಬಾಗಿಲಲ್ಲೇ ಸ್ನಾನ ಮಾಡಬೇಕಲ್ಲ.

ನಾವು ಗೆದ್ದೆವು. ಕುಣಿದೆವು ಕೂಡ. ವಾಪಸ್ ಬರುವಾಗ ಬಸ್ಸಿನ ತುಂಬ ಅವರನ್ನು ಬೈದದ್ದೇ ಬೈದದ್ದು. "ಮನುಷ್ಯರಾ ಅವರು!" ಎಂದು ನಾನೇ ಗಂಟಲು ಹರಿಯುವ ಹಾಗೆ ಕೂಗಿದೆ. ಪಂಕ್ಚರಿನಲ್ಲೂ ಪ್ರಸಂಗ ಹುಡುಕುವ ಉಪದೇಶಿಗಳು ಮಾತ್ರ ಕಿಟಕಿಯ ಹೊರಗೆ ನೋಡುತ್ತಾ ತುಟಿ ಬಿಚ್ಚಲಿಲ್ಲ. ಮೈ ಸರಿಯಿಲ್ಲವೇನೋ ಎಂದುಕೊಂಡೆ.

ಮರುದಿನ ಭಾನುವಾರ, ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಆರಾಧನೆ. ಇಲ್ಲಿ ಒಂದು ಮಾತು ಹೇಳಬೇಕು. ಶ್ರೀನಿವಾಸಪುರದ ದಾರಿಯಲ್ಲಿ ಊರಿನವರು ಹೊರಗಿಟ್ಟಿದ್ದ ಒಂದು ಕೇರಿಯಿಂದ ಹೊಸದಾಗಿ ದೀಕ್ಷಾಸ್ನಾನ ಪಡೆದವರು ನಮ್ಮ ಸಭೆಗೆ ಬರುತ್ತಿದ್ದರು. ನಾವು ಬೆಂಚಿನ ಮೇಲೆ, ಅವರು ಬಾಗಿಲ ಬಳಿ ಚಾಪೆಯ ಮೇಲೆ. ಭೋಜನದ ದ್ರಾಕ್ಷಾರಸ ಎಲ್ಲರಿಗೂ ಒಂದೇ ಪಾತ್ರೆಯಲ್ಲಿ. ಆದ್ದರಿಂದ ನಾವೆಲ್ಲ ಕುಡಿದ ಮೇಲೆ ಅವರ ಸರದಿ. ನಮ್ಮ ತಾತಂದಿರು ಯಾವ ಜಾತಿಯಿಂದ ಬಂದರು, ಅವರು ಯಾವ ಕೇರಿಯಿಂದ ಬಂದರು ಎಂಬುದನ್ನು ದೀಕ್ಷಾಸ್ನಾನದ ನೀರು ತೊಳೆದಿರಲಿಲ್ಲ. ಅದು ತಪ್ಪೆಂದು ಯಾರಿಗೂ ಹೊಳೆದಿರಲೂ ಇಲ್ಲ.

ಅಯ್ಯನವರು ಮೊದಲ ಸಾಲನ್ನು ಕರೆದರು. ಉಪದೇಶಿಗಳು ಎದ್ದರು. ಮುಂದಕ್ಕೆ ಹೋಗಬೇಕಾದವರು ತಿರುಗಿ ಬಾಗಿಲ ಕಡೆಗೆ ನಡೆದರು. ಚಾಪೆಯ ಮೇಲಿದ್ದ ಒಬ್ಬ ಮುದುಕಿಯ ಕೈ ಹಿಡಿದು ಎಬ್ಬಿಸಿದರು. ಆಕೆ ಗಾಬರಿಯಾಗಿ, "ವದ್ದು ಸಾಮಿ, ಬೇಡ ಸಾಮಿ" ಎನ್ನುತ್ತಿದ್ದಳು. ಬಿಡಲಿಲ್ಲ. ಎಲ್ಲರ ನಡುವೆ ಕರೆದುಕೊಂಡು ಬಂದು ಅಯ್ಯನವರ ಮುಂದೆ ನಿಲ್ಲಿಸಿದರು. "ಮೊದ್ಲು ಈಯಮ್ಮನಿಗೆ ಕೊಡಿ ಅಯ್ಯನವರೇ. ಇವರಾದ ಮೇಲೆ ನನಗೆ."

ಉಪದೇಶಿಗಳು ನಮ್ಮ ಕಡೆಗೆ ತಿರುಗಿದರು. "ನಿನ್ನೆ ಮುಳಬಾಗಿಲಲ್ಲಿ ನಮ್ಮನ್ನ ಮುಟ್ಟಲಿಲ್ಲ ಅಂತ ಬಸ್ಸಲ್ಲಿ ಎಷ್ಟು ಕೂಗಾಡಿದ್ರಿ! ಅದೇ ಆಟಾನ ನಾವು ಇಲ್ಲಿ ದೇವರ ಮುಂದೇನೇ ಆಡ್ತಿದ್ದೀವಲ್ರೋ. ನಾನೂ ಆಡ್ದೆ. ನನಗೆ ನಿನ್ನೆ ರಾತ್ರಿ ಅನ್ನ ಇಳೀಲಿಲ್ಲ."

ಅಯ್ಯನವರು ಒಮ್ಮೆ ಹಿರಿಯರ ಬೆಂಚಿನ ಕಡೆ ನೋಡಿದರು, ಆದರೂ ಕೊಟ್ಟರು. ಮುದುಕಿ ಕುಡಿದಳು. ಅದೇ ಪಾತ್ರೆಯಿಂದ ಉಪದೇಶಿಗಳು ಕುಡಿದರು. ಮುಂದೆ? ಸಭೆಯ ಹಿರಿಯರಲ್ಲಿ ಒಬ್ಬರಾದ ನಮ್ಮಪ್ಪ ಧಡಕ್ಕನೆ ಎದ್ದು ಹೊರಗೆ ನಡೆದುಬಿಟ್ಟರು. ಅರ್ಧ ಬೆಂಚುಗಳು ಅವರ ಹಿಂದೆಯೇ ಖಾಲಿಯಾದವು. ಅಪ್ಪನ ಮಾತಿಗೆ ಒಮ್ಮೆಯೂ ಎದುರಾಡದ ನಮ್ಮಮ್ಮ ಹೆಂಗಸರ ಸಾಲಿನಿಂದ ಎದ್ದಳು. ಅವಳೂ ಹೊರಟಳೆಂದುಕೊಂಡೆ. ಅಯ್ಯೋ ದೇವರೇ, ಅವಳು ಸೆರಗು ಸರಿಮಾಡಿಕೊಂಡು ನೇರವಾಗಿ ಮುಂದೆ ಹೋಗಿ ಮೊಣಕಾಲೂರಿದಳು! ಬಿಟ್ಟ ಬಾಯಿ ಮುಚ್ಚದೆ ನಾನೂ ಅವಳ ಹಿಂದೆ ಹೋದೆ.

ಮನೆಯಲ್ಲಿ ಅಪ್ಪ, "ಆ ಮನುಷ್ಯ ಇರೋವರೆಗೂ ಆ ಪಾತ್ರೆ ನಾನು ಮುಟ್ಟಲ್ಲ" ಎಂದರು. ಹೇಳಿದಂತೆಯೇ ನಡೆದರು. ಹಿರಿಯರೆಲ್ಲ ಸೇರಿ ಉಪದೇಶಿಗಳಿಂದ ಚರ್ಚಿನ ಕಾಂಪೌಂಡಿನ ಮನೆ ಬಿಡಿಸಿದರು. ಅವರು ಗಂಡ ಹೆಂಡತಿ ಪಾತ್ರೆಪಗಡೆ ಗಾಡಿಗೆ ಹಾಕಿಕೊಂಡು ಆ ಕೇರಿಯಲ್ಲೇ ಹೋಗಿ ಇದ್ದುಬಿಟ್ಟರು. ನಾನು ಹೋದಾಗಲೆಲ್ಲ ಉಪದೇಶಿಗಳು, "ನಿಮ್ಮಪ್ಪ ಹೇಗಿದ್ದಾರೆ?" ಎಂದೇ ಮೊದಲು ಕೇಳುತ್ತಿದ್ದರು. ಕೇಳುವಾಗ ಮುಖದಲ್ಲಿ ಒಂದಿಷ್ಟೂ ಕಹಿ ಇರುತ್ತಿರಲಿಲ್ಲ. ನನಗೆ ಅಳು ಬರುತ್ತಿತ್ತು.

ಕೆಲವು ವರ್ಷಗಳ ಮೇಲೆ, ಬಿರುಬೇಸಿಗೆಯಲ್ಲಿ, ಉಪದೇಶಿಗಳು ಜ್ವರದಿಂದ ತೀರಿಕೊಂಡರೆಂದು ಸುದ್ದಿ ಬಂತು. ನಾನು ಅಳುತ್ತಾ ಹೊರಡುವಷ್ಟರಲ್ಲಿ ಅಪ್ಪ ಕೋಟು ತೊಟ್ಟು ಬಾಗಿಲಲ್ಲಿ ನಿಂತಿದ್ದರು. "ಎಲ್ಲಿಗಪ್ಪಾ?" ಎಂದೆ. ಆ ಬಿಸಿಲಿನಲ್ಲಿ ನನಗಿಂತ ಮುಂದಾಗಿ ಕೇರಿಯ ದಾರಿ ಹಿಡಿದು ನಡೆದರು.

ಕೇರಿಯ ಜನ ಉಪದೇಶಿಗಳ ಮೈ ತೊಳೆದು, ಬಿಳಿ ಬಟ್ಟೆ ಉಡಿಸಿ, ಹೊಂಗೆ ಮರದ ನೆರಳಲ್ಲಿ ಮಲಗಿಸಿದ್ದರು. ಅಪ್ಪ ಕಾಲ ಬಳಿ ಕುಸಿದು ಕೂತರು. ಮುಖ ಕೆಂಪಗಾಗಿತ್ತು, ತುಟಿ ಒಣಗಿತ್ತು. ಆ ಮುದುಕಿಯೇ ಒಂದು ಚೊಂಬು ನೀರು ತಂದಳು. ಒಂದು ಮಾರು ದೂರದಲ್ಲೇ ನಿಂತು, "ಬೊಗಸೆ ಒಡ್ಡಿ ಸಾಮಿ, ಮೇಲಿಂದ ಹುಯ್ತೀನಿ" ಎಂದಳು.

ಅಪ್ಪ ಬೊಗಸೆ ಒಡ್ಡಲಿಲ್ಲ. ಎದ್ದು ಹೋಗಿ ಅವಳ ಕೈಯಿಂದ ಚೊಂಬು ತೆಗೆದುಕೊಂಡರು. ಕಚ್ಚಿ ಕುಡಿದರು, ಗಟಗಟನೆ, ನೀರು ಗಡ್ಡದಿಂದ ಕೋಟಿನ ಮೇಲೆ ಸುರಿಯುವ ಹಾಗೆ. ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಅಪ್ಪ ಬಾಯಿ ಒರೆಸಿಕೊಂಡು ಚೊಂಬನ್ನು ಅವಳ ಕೈಗೇ ಕೊಟ್ಟರು.

"ಇನ್ನೊಂದು ಚೊಂಬು ಕೊಡಮ್ಮ" ಎಂದರು.