ಕಲ್ಲಿಗೆ ಹಾಕಿದ ನಂಬರು

"ಇದಕ್ಕೂ ಒಂದು ನಂಬ್ರ ಹಾಕಿ ಅಯ್ಯಾ" ಎಂದು ಮನೆಯೊಡತಿ ಹಿತ್ತಲಿನ ಹಲಸಿನ ಮರದ ಬುಡದಲ್ಲಿದ್ದ ಸಣ್ಣ ಕಲ್ಲನ್ನು ತೋರಿಸಿದಳು. ಅದರಡಿ ಅವಳ ಮೂರು ತಿಂಗಳ ಕೂಸನ್ನು ಮಣ್ಣು ಮಾಡಿದ್ದರು.

ಅರವತ್ತರ ದಶಕದ ಆರಂಭ. ಹೊಸನಗರ ತಾಲ್ಲೂಕಿನ ಆ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗಲಿತ್ತು. ಮನೆ, ಬಾವಿ, ಮರಗಳಿಗೆ ಡಾಂಬರಿನಲ್ಲಿ ನಂಬರು ಬರೆದು ರಿಜಿಸ್ಟರಿಗೆ ಏರಿಸುವ ಗುಮಾಸ್ತ ನಾನು. ಎಲ್ಲರೂ ಒಂದೇ ರೀತಿ ಬರೆಯಬೇಕೆಂದು ನಮಗೆ ಪದಗಳ ಪಟ್ಟಿಯನ್ನೇ ಕೊಟ್ಟಿದ್ದರು. ಮನೆ ಎಂದು ಬರೆಯುವಂತಿಲ್ಲ, 'ಕಟ್ಟಡ' ಎನ್ನಬೇಕು. ಹಲಸು 'ಫಲ ಕೊಡುವ ಮರ'. ಗೋರಿಗೆ ಪಟ್ಟಿಯಲ್ಲಿ ಪದವೇ ಇರಲಿಲ್ಲ.

"ಅದಕ್ಕೆ ಹಾಕೋ ಹಂಗಿಲ್ಲಮ್ಮ" ಎಂದೆ.

"ನಂಬ್ರ ಹಾಕಿದ್ದೆಲ್ಲ ಹೊಸ ಊರಿಗೆ ಸಾಗಿಸ್ತಾರಂತಲ್ಲ. ಇವನೊಬ್ನೇ ಇಲ್ಲಿ ಉಳೀಬೇಕಾ?"

ನಂಬರು ಪರಿಹಾರದ ಲೆಕ್ಕಕ್ಕೆ ಮಾತ್ರವೆಂದು ಗೊತ್ತಿದ್ದೂ ಕುಂಚವನ್ನು ಡಾಂಬರಿನಲ್ಲಿ ಅದ್ದಿದೆ. ಕಲ್ಲಿನ ಮೇಲೆ ನಲವತ್ತಮೂರು ಎಂದು ಬರೆದೆ. ಆಕೆ ಸಮಾಧಾನದಿಂದ ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟಳು.

ರಿಜಿಸ್ಟರಿನಲ್ಲಿ ನಲವತ್ತೆರಡಾದ ಮೇಲೆ ನೇರ ನಲವತ್ತನಾಲ್ಕು ಇದೆ. ಸಾಹೇಬರು ಕೇಳಿದಾಗ ಕಣ್ತಪ್ಪಿತು ಎಂದೆ. ನೀರು ಬರುವ ಮೊದಲು ಲಾರಿಗಳು ಬಂದು ಊರಿನ ಸಾಮಾನು ಹೇರಿಕೊಂಡು ಹೋದವು. ಆ ದಿನ ಆಕೆ ಕಲ್ಲಿನ ಪಕ್ಕ ನಿಂತು ಕಾದಳೋ ಏನೋ. ನೋಡಲು ನಾನು ಹೋಗಲಿಲ್ಲ.